ಆಚೆ ದಡದ ಫೈಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯೇ ತಲೆ ಕೆಟ್ಟಿತು. ಆಚೆ ದಡದ ಪ್ರಯೋಗಾಲಯದವಳ ಮೂರು ತಿಂಗಳ ಫೈಲು ಬಂದಿದೆ. ಮೀನಿನಲ್ಲಿ ಪಾದರಸ ಎಷ್ಟು ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಮಾತು: ‘ಅಳತೆಗೆ ಸಿಗದಷ್ಟು ಕಡಿಮೆ’. ದೊಡ್ಡ ಮೀನು, ಸಣ್ಣ ಮೀನು, ನಮ್ಮ ಕಡೆಯದು, ಅವರ ಕಡೆಯದು, ಎಲ್ಲಕ್ಕೂ ಅದೇ. ಹೋದ ವರ್ಷದವರೆಗೂ ಅಷ್ಟೋ ಇಷ್ಟೋ ಅಂಕಿ ಇರುತ್ತಿತ್ತು. ಸರೋವರವೇನು ಸೋಪು ಹಚ್ಚಿ ತೊಳೆದುಕೊಂಡು ಕೂತಿದೆಯೇ?

ಈ ಒಪ್ಪಂದ ಬರೆದ ಮಹಾನುಭಾವರು ಯಾರೆಂದು ಹುಡುಕಿ ಕೇಳಬೇಕು. ಸರೋವರ ಒಂದು, ನಡುವೆ ಎರಡು ದೇಶಗಳ ಗಡಿ. ಪಾಚಿ, ಗೊಬ್ಬರದಂಶ ಅಳೆಯುವುದು ನಾವಂತೆ. ಲೋಹ ಅಳೆಯುವ ಯಂತ್ರ ಮಾತ್ರ ಅವರಲ್ಲಂತೆ. ನಮ್ಮ ದಡದ ಮೀನನ್ನೂ ಐಸ್ ಡಬ್ಬಿಯಲ್ಲಿಟ್ಟು ದೋಣಿಯಲ್ಲಿ ಅವರಿಗೇ ಕಳಿಸಬೇಕು, ಅವರು ಹೇಳಿದ್ದೇ ಅಂಕಿ. ಎರಡು ಕಡೆಯ ಅಂಕಿಗಳೂ ಕೊನೆಗೆ ಬಂದು ಬೀಳುವುದು ನನ್ನ ದಾಖಲೆ ಭಂಡಾರಕ್ಕೆ. ಸರಿಯಾಗಿದ್ದರೆ ಹೊಗಳಿಕೆ ಅವರಿಗೆ, ತಪ್ಪಾದರೆ ಬೈಗುಳ ನನಗೆ.

ಪ್ರಶ್ನೆ ಕೇಳಿ ಒಂದು ಪತ್ರ ಹಾಕಿದ್ದೇನೆ. ಎರಡು ಕಾಮಾ ತಪ್ಪಿದ್ದವು, ಅದನ್ನೂ ತಿಳಿಸಿದ್ದೇನೆ.

ಸಂಜೆ ಮಗಳು ಬಂದಿದ್ದಳು. ಆರನೆಯ ತಿಂಗಳು, ನಡೆದರೆ ಬಾತುಕೋಳಿ. ಡಾಕ್ಟರು ಮೀನು ತಿನ್ನಿ ಎಂದಿದ್ದಾರೆಂದು ನಮ್ಮ ಮನೆಯವರು ದೋಣಿಕಟ್ಟೆಗೆ ಹೋಗಿ ದೊಡ್ಡದೊಂದು ತಂದು ಹುರಿದರು. ಕಟ್ಟುಹಲ್ಲಿನ ಸೆಟ್ಟು ಮಾಡುವ ಕೈಯಲ್ಲಿ ಮುಳ್ಳು ತೆಗೆಯುವುದೂ ಒಂದು ಕಲೆ. ಒಂದೂ ಬಿಡದಂತೆ ಬಿಡಿಸಿ ಮಗಳ ತಟ್ಟೆಗೆ ಹಾಕಿದರು. ನನ್ನ ತಟ್ಟೆಯಲ್ಲಿ ಮುಳ್ಳು ಹಾಗೇ ಇತ್ತು.

ಮಾರ್ಚ್ 5, ಬುಧವಾರ

ಆಚೆ ದಡದಿಂದ ಉತ್ತರ: ‘ಎಲ್ಲ ಅಂಕಿಗಳನ್ನೂ ಮೇಲಧಿಕಾರಿಗಳು ಪರಿಶೀಲಿಸಿ ಅನುಮೋದಿಸಿದ್ದಾರೆ’. ನಾನು ಕೇಳಿದ್ದು ಅಂಕಿ ಹೇಗೆ ಬಂತೆಂದು, ಯಾರು ಅನುಮೋದಿಸಿದರೆಂದಲ್ಲ. ಕೆಳಗೆ ಅವಳದೇ ಹೆಸರು. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ಕಾಮಾ ಮಾತ್ರ ಸರಿ ಮಾಡಿ ಕಳಿಸಿದ್ದಾಳೆ.

ಮಾರ್ಚ್ 6, ಗುರುವಾರ

ಅವಳಿಂದ ಇನ್ನೊಂದು ಕಂತೆ. ಯಂತ್ರ ಸರಿಯಿದೆಯೇ ಎಂದು ನೋಡಿದ ತಪಾಸಣೆಯ ಫೈಲುಗಳು. ಅವನ್ನು ಲೋಕದಲ್ಲಿ ಯಾರೂ ಓದುವುದಿಲ್ಲ. ಹೊರಡುವ ಹೊತ್ತಾಗಿತ್ತು, ಬಸ್ಸು ತಪ್ಪಿದರೂ ತಪ್ಪಲಿ ಎಂದು ಎಲ್ಲವನ್ನೂ ಭಂಡಾರದ ಸೂಚಿಗೆ ಹಾಕಿಯೇ ಎದ್ದೆ. ಬಂದದ್ದನ್ನು ಬಂದ ದಿನವೇ ದಾಖಲು ಮಾಡದೆ ಮನೆಗೆ ಹೋದರೆ ನನಗೆ ಗ್ಯಾಸ್ ಆರಿಸಲು ಮರೆತ ಹಾಗಾಗುತ್ತದೆ. ಬಸ್ಸು ತಪ್ಪಿಯೇ ತಪ್ಪಿತು.

ಮಾರ್ಚ್ 7, ಶುಕ್ರವಾರ



ನಿನ್ನೆಯ ಕಂತೆಯಲ್ಲಿ ಒಂದು ಫೈಲು ಮಾತ್ರ ಹೆಚ್ಚು ದೊಡ್ಡದಿತ್ತು. ತೆರೆದೆ. ತಪಾಸಣೆಯಲ್ಲ. ಯಂತ್ರದಿಂದ ನೇರವಾಗಿ ಬಂದ ಕಚ್ಚಾ ಅಳತೆ, ಮೂರು ತಿಂಗಳದ್ದೂ ಇದೆ. ನಮ್ಮ ಮೀನು, ಅವರ ಮೀನು, ಒಂದೊಂದಕ್ಕೂ ಅಂಕಿ. ದೊಡ್ಡ ಮೀನುಗಳಲ್ಲಿ ಪಾದರಸ ತಿನ್ನಬಹುದಾದ ಮಿತಿಗಿಂತ ನಾಲ್ಕು ಪಟ್ಟು, ಕೆಲವದರಲ್ಲಿ ಇನ್ನೂ ಹೆಚ್ಚು. ಅವರ ಕಡೆಯ ಬ್ಯಾಟರಿ ಕಾರ್ಖಾನೆಯ ಹತ್ತಿರ ಹಿಡಿದದ್ದರ ಅಂಕಿ ಬರೆಯಲೂ ಮನಸ್ಸಿಲ್ಲ. ‘ಅಳತೆಗೆ ಸಿಗದಷ್ಟು ಕಡಿಮೆ’ ಎಂದಿದ್ದು ಇದನ್ನು.

ಇದು ಸಾಲದೆಂಬಂತೆ ಇನ್ನೊಂದು. ಆ ಯಂತ್ರ ಪ್ರತಿ ಸಾಲಿನ ಕೊನೆಗೂ ಅಳೆದವರ ಹೆಸರು ಒತ್ತುತ್ತದೆ. ಸಾಲುಸಾಲಿಗೂ ಅವಳದೇ ಹೆಸರು. ನಮ್ಮ ತಂತ್ರಾಂಶ ಬುದ್ಧಿವಂತ, ಫೈಲನ್ನು ತಾನೇ ಓದಿ ಸೂಚಿಯಲ್ಲಿ ತಾನೇ ಬರೆದುಕೊಂಡಿದೆ: ‘ಪಾದರಸ, ಮೀನು, ಕಚ್ಚಾ ಅಳತೆ. ಅಳೆದವರು ಇಂಥವರು. ಕಳಿಸಿದವರು ಇಂಥವರು.’ ಆ ಸೂಚಿ ಎರಡು ದೇಶಗಳ ಕಚೇರಿಗಳಿಗೂ ಕಾಣುತ್ತದೆ. ಅದರಿಂದ ಏನನ್ನೂ ಅಳಿಸಲು ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಹಾಗೇ ಇರಬೇಕೆಂದು ಹಟ ಹಿಡಿದು ಮಾಡಿಸಿದವಳು ನಾನೇ.

ಅನುಮತಿ ಇಲ್ಲದ ಅಂಕಿ ಹೊರಗೆ ಬಂದರೆ ಅವರಲ್ಲಿ ಸುಮ್ಮನೆ ಬಿಡುವುದಿಲ್ಲ. ಗಾಳಿ ಅಳೆಯುತ್ತಿದ್ದ ಅವರ ಸಹೋದ್ಯೋಗಿ ಒಬ್ಬರು ಹೀಗೇ ಏನೋ ಕೊಟ್ಟು ಕೆಲಸ ಕಳೆದುಕೊಂಡರು, ಜೈಲಿಗೂ ಹೋದರು. ಇವಳು ಕದ್ದು ಮುಚ್ಚಿ ನನ್ನ ಕೈಗೆ ಕೊಟ್ಟಳು, ನಾನು ಅದನ್ನು ಊರ ನಡುವೆ ಬೋರ್ಡು ಬರೆಸಿ ನೇತುಹಾಕಿದೆ. ಅದೂ ಬಸ್ಸು ತಪ್ಪಿಸಿಕೊಂಡು.

ಮಾರ್ಚ್ 8, ಶನಿವಾರ

ಫ್ರಿಜ್ಜಿನಲ್ಲಿದ್ದ ಮೀನನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಇವರು ನೋಡಿಬಿಟ್ಟರು.

“ಏನಾಯ್ತೇ ನಿನಗೆ? ನಿನ್ನೆ ತಂದಿದ್ದು ಅದು.”

“ವಾಸನೆ ಬರ್ತಿತ್ತು.”

“ಮೀನು ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?”

ನನಗೆ ಮೈಯೆಲ್ಲ ತುರಿಕೆ, ಇನ್ನು ಮೇಲೆ ಈ ಮನೆಗೆ ಮೀನು ಬೇಡ ಎಂದೆ. ಹಸಿ ಸುಳ್ಳು. ಬಿಡುಗಡೆಯಾಗದ ಅಂಕಿಯನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟವಳು ನಾನು. ಗಂಡನೂ ಹೊರಗಿನವನೇ ಎಂದು ಇದುವರೆಗೆ ಅನ್ನಿಸಿರಲಿಲ್ಲ. ಇವರು ಮುಖ ಊದಿಸಿಕೊಂಡು ಕೆಲಸದ ಕೋಣೆಗೆ ಹೋಗಿ ಯಾರದೋ ದವಡೆಯ ಅಚ್ಚನ್ನು ಜೋರಾಗಿ ಉಜ್ಜತೊಡಗಿದರು.

ಪಾದರಸ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಹೋಗುತ್ತದೆ. ಮಗಳು ಈ ತಿಂಗಳುಗಳಲ್ಲಿ ಎಷ್ಟು ಸಲ ತಿಂದಳೆಂದು ಲೆಕ್ಕ ಹಾಕಲು ಕೂತೆ, ಆಗಲಿಲ್ಲ. ತುಂಬ ಭಯವಾಗುತ್ತಿದೆ.

ಮಾರ್ಚ್ 11, ಮಂಗಳವಾರ

ನಿರ್ದೇಶಕರ ಹತ್ತಿರ ಹೋದೆ. ಕಚೇರಿಯಲ್ಲಿ ಅವರಿಗೆ ‘ನೋಡೋಣಪ್ಪ’ ಎಂದು ಹೆಸರು. ಬೆಂಕಿ ಬಿದ್ದಿದೆ ಎಂದರೂ ‘ನೋಡೋಣ’ ಎನ್ನುವ ಗಿರಾಕಿ. ಬಾಗಿಲು ಹಾಕಿ ಎಲ್ಲ ಹೇಳಿದೆ. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಹೆಸರು ಒಂದು ಅಳಿಸ್ಬಿಟ್ರೆ?”

“ಒಂದು ಅಕ್ಷರ ಮುಟ್ಟಿದ್ರೂ ಫೈಲಿನ ಹೆಬ್ಬೆಟ್ಟು ಬದಲಾಗುತ್ತೆ ಸರ್.” ಹೆಬ್ಬೆಟ್ಟು ಎಂದರೆ ಫೈಲಿನ ಗುರುತಿನ ಸಂಖ್ಯೆ, ಯಂತ್ರವೇ ಲೆಕ್ಕ ಹಾಕಿ ಕೊಡುವುದು. ಆಮೇಲೆ ಅದು ಅದೇ ಫೈಲೆಂದು ಯಾರೂ ನಂಬುವುದಿಲ್ಲ.

“ಅಂದ್ರೆ ನಾವೇ ಸೃಷ್ಟಿ ಮಾಡಿದ್ದು ಅಂತಾರೆ.”

“ಅಂತಾರೆ.”

“ಹೆಸರು ಇದ್ರೆ ಆಯಮ್ಮಂಗೆ ಕಷ್ಟ. ಇಲ್ದಿದ್ರೆ ಫೈಲಿಗೆ ಬೆಲೆ ಇಲ್ಲ.”

“ನಮ್ಮ ಮೀನನ್ನ ಬೇರೆ ಕಡೆ ಅಳೆಸಿದ್ರೆ ಸರ್?”

“ಬೇರೆ ದೇಶಕ್ಕೆ ಕಳಿಸ್ಬೇಕು. ಅನುಮತಿ, ಸರದಿ... ಬರೋ ಹೊತ್ತಿಗೆ ವರ್ಷ ಮುಗಿಯುತ್ತೆ. ಬರೆದು ಹಾಕ್ತೀನಿ. ನೋಡೋಣ.”

ಆ ಹೊತ್ತಿಗೆ ನನ್ನ ಮೊಮ್ಮಗು ಹುಟ್ಟಿ ಮಗುಚಿಕೊಂಡಿರುತ್ತದೆ.

ಈ ತಿಂಗಳ ಕೊನೆಯಲ್ಲಿ ಓದುವ ಸಭೆ, ಮೂರು ತಿಂಗಳಿಗೊಮ್ಮೆ ನಡೆಯುವಂಥದು. ಇದುವರೆಗೆ ಫೋನಿನಲ್ಲೇ ನಡೆಯುತ್ತಿತ್ತು, ಈ ಸಲ ಎದುರುಬದುರು, ನಮ್ಮಲ್ಲಿ. ಹಿಂದೆ ಯಾವಾಗಲೋ ‘ನಾವು ನೋಡೇ ಇರಲಿಲ್ಲ’ ಎಂದು ಎರಡೂ ಕಡೆಯವರು ಜಗಳವಾಡಿದ ಮೇಲೆ ಬಂದ ಪದ್ಧತಿ ಇದು. ಸೂಚಿಯ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು, ಅಳೆದವರ ಹೆಸರಿನ ಸಮೇತ. ಎರಡೂ ದಡದ ದಾಖಲೆ ಹೊಣೆಗಾರರು, ಈ ಕಡೆ ನಾನು, ಆ ಕಡೆ ಅವಳು, ‘ಒಪ್ಪಿದೆ’ ಎನ್ನಬೇಕು. ಇಬ್ಬರೂ ಹಾಗೆಂದರೆ ಅದು ಅಂದೇ ಸಂಜೆ ಇಡೀ ಲೋಕಕ್ಕೆ ತೆರೆದುಕೊಳ್ಳುತ್ತದೆ. ಓದುವವಳು ನಾನು. ಅವರ ಮೇಲಧಿಕಾರಿ ಸೂಚಿಯನ್ನು ಕೇಳುವುದು ಆ ದಿನ ಮಾತ್ರ. ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದರೆ ಸಾಕು.

ಮಾರ್ಚ್ 13, ಗುರುವಾರ

ತಿಂಗಳ ದೂರವಾಣಿ ಮಾತುಕತೆ. ಆ ಕಡೆ ಅವರ ಮೇಲಧಿಕಾರಿ ಕೂತಿದ್ದರು, ಈ ಕಡೆ ನೋಡೋಣಪ್ಪ. ದೋಣಿಯ ಡೀಸೆಲ್ಲು, ಐಸ್ ಡಬ್ಬಿಯ ಮುಚ್ಚಳ, ಇಂಥದೇ ಮಾತು. ಕೊನೆಗೆ ಆಚೆ ದಡದಾಕೆ ಕೇಳಿದಳು:

“ತಪಾಸಣೆ ಫೈಲುಗಳು ಸಿಕ್ಕಿದ್ವಾ ಮೇಡಂ?”

“ಸಿಕ್ಕಿದ್ವು.”

“ದಾಖಲಾಯ್ತಾ?”

“ಆಯ್ತು. ಬಂದ ದಿನಾನೇ.”

“ಒಳ್ಳೇದು,” ಎಂದಳು. ಒಂದು ಕೆಮ್ಮು. ಫೋನಿಟ್ಟಳು.

ಇಷ್ಟು ವರ್ಷ ಆ ದನಿ ಕೇಳಿದ್ದೇನೆ, ನೆಗಡಿ ಇರುವ ದನಿ ಎಂದು ಇವತ್ತೇ ಗಮನಿಸಿದ್ದು. ‘ಒಳ್ಳೇದು’ ಎಂದಾಗ ಎಷ್ಟು ಹೆದರಿರಬೇಕು. ಅಷ್ಟು ಜನರ ಎದುರು ‘ನನ್ನ ತಪ್ಪಾಯ್ತು’ ಎನ್ನಲೂ ಆಗಲಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ. ಆ ಕಡೆಯಿಂದ ಬಂದ ಪಾಚಿಯ ಪತ್ರದಲ್ಲಿ ಕಾಮಾ ತಪ್ಪಿತ್ತು, ಹಾಗೇ ಬಿಟ್ಟೆ.

ಮಾರ್ಚ್ 16, ಭಾನುವಾರ

ತರಕಾರಿಗೆಂದು ಹೋದವಳು ದೋಣಿಕಟ್ಟೆಯ ಮೇಲೆ ಹಾದು ಬಂದೆ. ಪಕ್ಕದ ಮನೆಯ ಹುಡುಗಿ ಮೀನಿನ ಅಂಗಡಿ ಮುಂದೆ ನಿಂತಿದ್ದಳು, ಸೊಂಟದಲ್ಲಿ ಒಂದು ವರ್ಷದ ಮಗು.

“ಅಕ್ಕಾ, ಇದ್ರಲ್ಲಿ ಯಾವ್ದು ತಾಜಾ ಹೇಳಿ. ಇವಳು ಮೀನಿಲ್ದೆ ತುತ್ತು ಇಳ್ಸಲ್ಲ.”

ಮಗು ನನ್ನ ಚೀಲ ಎಳೆದು ನಕ್ಕಿತು. ನಾಲ್ಕೇ ಹಲ್ಲು. ನಾನು ಏನಾದರೂ ಹೇಳಬೇಕಿತ್ತು. “ಚಿಕ್ಕದು ತಗೋ,” ಎಂದೆ. ಚಿಕ್ಕದರಲ್ಲಿ ಕಡಿಮೆ ಇರುತ್ತದೆ, ನಿಜ. ಆದರೆ ಅಷ್ಟೇ ಹೇಳಿ ಬಂದೆ. ಅವಳು “ದೊಡ್ಡದಾದ್ರೆ ಮುಳ್ಳು ತೆಗೆಯೋದು ಸುಲಭ ಅಕ್ಕಾ,” ಎಂದು ದೊಡ್ಡದನ್ನೇ ತೂಗಿಸಿದಳು.

ನನ್ನ ಮನೆಯ ತಟ್ಟೆಯಿಂದ ಮೀನು ತೆಗೆದು ನೆಮ್ಮದಿಯಾಗಿ ಕೂತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಮಾರ್ಚ್ 19, ಬುಧವಾರ

ಮಾಡಿದೆ.

ಕಚ್ಚಾ ಫೈಲಿನ ಪ್ರತಿ ತೆಗೆದು, ಪ್ರತಿ ಸಾಲಿನ ಕೊನೆಯ ಹೆಸರು ಅಳಿಸಿ, ಎರಡನೆಯ ಆವೃತ್ತಿ ಎಂದು ಸೂಚಿಗೆ ಏರಿಸಿದೆ. ಹಳೆಯದು ಅಳಿಯಲಿಲ್ಲ, ಹೊಸದರ ಅಡಿಗೆ ಹೋಯಿತು. ಬಿಚ್ಚಿ ನೋಡಿದವರಿಗೆ ಮಾತ್ರ ಕಾಣುತ್ತದೆ. ಸಭೆಯಲ್ಲಿ ಓದುವುದು ಮೇಲಿನದನ್ನು. ‘ಅಳೆದವರು: ತಿಳಿದಿಲ್ಲ.’

ಹೆಬ್ಬೆಟ್ಟು ಹೊಂದುವುದಿಲ್ಲ. ಅವರ ಮೇಲಧಿಕಾರಿ ತಳ್ಳಿಹಾಕುತ್ತಾರೆ. ಹಾಕಲಿ. ಅಂಕಿಗಳಾದರೂ ನಾಲ್ಕು ಜನರ ಕಿವಿಗೆ ಬೀಳುತ್ತವೆ. ಅಷ್ಟಾದರೆ ಸಾಕೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಕಚ್ಚಾ ಫೈಲಿಗೆ ಕೈ ಹಚ್ಚಿದವರನ್ನು ನಾನು ಹಿಂದೆ ಕಚೇರಿಯಿಂದಲೇ ಓಡಿಸಿದ್ದುಂಟು. ಇವತ್ತು ಹಾಜರಿ ಹಾಕುವುದನ್ನೂ ಮರೆತು ಮನೆಗೆ ಬಂದಿದ್ದೇನೆ.

ಮಾರ್ಚ್ 21, ಶುಕ್ರವಾರ

ಆಕೆಯಿಂದ ಯಾವ ಸುದ್ದಿಯೂ ಇಲ್ಲ. ಮಂಗಳವಾರದ ನೀರಿನ ಫೈಲು ಎಂದಿನಂತೆ ಬಂತು. ಅಂದರೆ ಇನ್ನೂ ಕೆಲಸದಲ್ಲಿದ್ದಾಳೆ.

ಮಾರ್ಚ್ 24, ಸೋಮವಾರ

ಮಗಳು ಬಂದು ಅಡುಗೆಮನೆಯಲ್ಲೇ ಹಿಡಿದಳು.

“ಅಮ್ಮ, ನಿನಗೆ ತುರಿಕೆ ಅಂತ ನಾನ್ಯಾಕೆ ಮೀನು ಬಿಡ್ಬೇಕು? ನಮ್ಮನೇಗೂ ತರ್ಬೇಡ ಅಂತ ನಿನ್ನ ಅಳಿಯಂಗೆ ಫೋನ್ ಮಾಡಿದ್ಯಂತೆ. ಏನ್ ವಿಷ್ಯ, ಸರಿಯಾಗಿ ಹೇಳು.”

ಹೇಳಿದೆ. ಸಹಿ ಹಾಕಿದ ಕಾಗದ ಹಾಳಾಗಿ ಹೋಗಲಿ ಎಂದು ಪೂರ್ತಿ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕೈಯಲ್ಲಿ ಯಾರದೋ ಕೆಳದವಡೆ.

“ಮುಂದಿನ ವಾರ ಪರೀಕ್ಷೆ ಇದೆ. ಡಾಕ್ಟರಿಗೆ ಹೇಳ್ತೀನಿ,” ಎಂದಳು ಮಗಳು. ಆಮೇಲೆ, “ಪಕ್ಕದ ಮನೆಯವಳಿಗೆ ಹೇಳಿದ್ಯಾ?”

“ಹೇಳಿದ್ರೆ ಊರೆಲ್ಲ ಆಗುತ್ತೆ. ಅಂಕಿ ಎಲ್ಲಿಂದ ಬಂತು ಅಂತ ಹುಡುಕ್ತಾರೆ. ಆಚೆ ದಡದ ಆ ಹೆಂಗಸು ಸಿಕ್ಕಿಬೀಳ್ತಾಳೆ.”

“ಹೇಳಿದ್ಯೋ ಇಲ್ವೋ?”

“ಇಲ್ಲ.”

ಕಾಫಿ ಹಾಗೇ ಬಿಟ್ಟು ಹೋದಳು. ಸ್ವಲ್ಪ ಹೊತ್ತಾದ ಮೇಲೆ ಇವರು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಕೈಯಲ್ಲಿದ್ದ ಜಿಪ್ಸಮ್ ಪುಡಿ ಸೀರೆಗೆಲ್ಲ ಹತ್ತಿತು.

ಮಾರ್ಚ್ 28, ಶುಕ್ರವಾರ

ಸಭೆಗೆ ಬರುವವರ ವಿವರ ಬಂತು. ಮೇಲಧಿಕಾರಿ ಬರುತ್ತಾರೆ. ಆಕೆಯೂ ಬರುತ್ತಾಳೆ. ನಾವು ಇದುವರೆಗೆ ಮುಖ ನೋಡಿಲ್ಲ.



ಮಾರ್ಚ್ 31, ಸೋಮವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಗಿನ ದೋಣಿಗೆ ಬಂದರು. ನಾನು ಯಾಕೋ ಎತ್ತರದ, ಬಿಗಿ ಮುಖದ ಹೆಂಗಸನ್ನು ಎಣಿಸಿದ್ದೆ. ಬಂದವರು ಗಿಡ್ಡಗೆ, ತುಸು ದಪ್ಪಗೆ, ಮೂಗು ಒರೆಸಿಕೊಳ್ಳುತ್ತ ಬಂದರು. ಮಣಿಕಟ್ಟಿನಲ್ಲಿ ರಬ್ಬರು ಗ್ಲೌಸು ಕಚ್ಚಿದ ಗುರುತು. ಮೇಲಧಿಕಾರಿ ನೋಡೋಣಪ್ಪನವರ ಕೋಣೆಗೆ ಹೋದ ಹೊತ್ತಿನಲ್ಲಿ ಮೆಟ್ಟಿಲ ಹತ್ತಿರದ ನೀರಿನ ನಲ್ಲಿಯ ಬಳಿ ನಾವಿಬ್ಬರೇ ಸಿಕ್ಕಿದೆವು.

“ಆ ಫೈಲಿಂದ ನಿಮ್ಮ ಹೆಸರು ತೆಗೆದಿದೀನಿ,” ಎಂದೆ, ದನಿ ತಗ್ಗಿಸಿ. “ಹೆದರ್ಬೇಡಿ. ಓದೋವಾಗ ಎರಡನೇ ಆವೃತ್ತಿ ಓದ್ತೀನಿ.”

ಲೋಟ ತುಟಿಯ ಹತ್ತಿರವೇ ನಿಂತಿತು. “ತೆಗೆದ್ರಾ? ಯಾಕೆ?”

“ಯಾಕೆ ಅಂದ್ರೆ? ಗಾಳಿ ಅಳೀತಿದ್ದವರ ಗತಿ ನೋಡಿಲ್ವಾ ನೀವು? ತಪ್ಪು ನಂದೇ. ತೆರೆದೂ ನೋಡದೆ ಬಂದ ದಿನಾನೇ ಸೂಚಿಗೆ ಹಾಕ್ಬಿಟ್ಟೆ.”

“ಹಾಕ್ತೀರ ಅಂತ ಗೊತ್ತಿದ್ದೇ ಕಳ್ಸಿದ್ದು.”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

“ಇಷ್ಟು ವರ್ಷದಲ್ಲಿ ಒಂದು ಫೈಲನ್ನಾದ್ರೂ ಮಾರನೇ ದಿನಕ್ಕೆ ಇಟ್ಟಿದೀರಾ ನೀವು? ಕಾಮಾ ತಪ್ಪಿದ್ರೆ ವಾಪಸ್ ಕಳ್ಸೋರು. ನಮ್ಮಲ್ಲಿ ನಿಮ್ಮನ್ನ ಏನಂತಾರೆ ಗೊತ್ತಾ? ಕಾಮಾ ಅಮ್ಮ ಅಂತಾರೆ.” ನಕ್ಕರು, ಕೆಮ್ಮು ಬಂತು. “ನಮ್ಮೋರ ಕಣ್ಣಿಗೆ ಬೀಳೋಷ್ಟರಲ್ಲಿ ಅದು ಯಾರೂ ಅಳಿಸೋಕಾಗದ ಜಾಗದಲ್ಲಿ ಇರ್ಬೇಕಿತ್ತು. ಬೇರೆ ಯಾರಿಗೆ ಕೊಟ್ಟಿದ್ರೂ ತೆರೆದು ನೋಡಿ, ಹೆದರಿ, ಮೇಜಿನೊಳಗೆ ಇಟ್ಕೋತಿದ್ರು.”

“ನಾನೂ ಹೆದರಿದೆ.”

“ದಾಖಲು ಮಾಡಿದ ಮೇಲೆ ತಾನೆ? ಆಗ ಹೆದರಿದ್ರೆ ಏನಂತೆ.”

“ಮತ್ತೆ ಹೆಸರು?”

ಮೂಗು ಒರೆಸಿಕೊಂಡರು. “ಹೆಸರಿಲ್ದಿದ್ರೆ ಅದು ಯಾರೋ ಆಗದವರು ಬರೆದ ಮೂಗರ್ಜಿ ಮೇಡಂ. ನಮ್ಮ ಸಾಹೇಬರು ಒಂದೇ ಮಾತಲ್ಲಿ ಪಕ್ಕಕ್ಕೆ ಹಾಕ್ತಾರೆ. ಆ ಮೀನು ಕೊಯ್ದಿದ್ದು ಈ ಕೈ. ಅಳೆದಿದ್ದು ನಾನು. ಯಾರು ಅಳೆದಿದ್ದು ಅಂತ ಯಾರಾದ್ರೂ ಕೇಳಿದ್ರೆ, ನಾನು ಅನ್ನೋಕೆ ಒಬ್ಬರು ಬೇಕಲ್ವಾ? ಅದನ್ನ ಯಾಕೆ ತೆಗೆದ್ರಿ?”

ನನಗೆ ಸಿಟ್ಟು ಬಂತು. “ನೀವು ಆರಾಮಾಗಿ ಹೇಳ್ಬಿಡ್ತೀರ. ಓದ್ಬೇಕಾದವಳು ನಾನು. ಅವರ ಎದುರಿಗೇ, ನನ್ನ ಬಾಯಿಂದಲೇ ನಿಮ್ಮನ್ನ ಹಿಡಿದುಕೊಡ್ಬೇಕಾ?”

“ಹೌದು,” ಎಂದರು. “ಅದೊಂದು ಕಷ್ಟ ನಿಮಗೆ ಕೊಟ್ಟೆ.”

ನಾನು ಮೇಜಿಗೆ ಹೋಗಿ ಎರಡನೆಯ ಆವೃತ್ತಿಯನ್ನು ಹಿಂತೆಗೆದೆ. ಕಾರಣ ಕೇಳುವ ಕಡೆ ‘ಅಳೆದವರ ಹೆಸರನ್ನು ನಾನು ಅಳಿಸಿದ್ದೆ. ಅದು ತಪ್ಪು’ ಎಂದು ಬರೆದು ನನ್ನ ಹೆಸರು ಹಾಕಿದೆ. ಕಚ್ಚಾ ಫೈಲು ಮೇಲೆ ಬಂತು. ಹೆಬ್ಬೆಟ್ಟು ಹಾಗೇ ಇತ್ತು.

ಸಭೆಯಲ್ಲಿ ಪಾಚಿ ಓದಿದೆ, ಮಳೆ ಓದಿದೆ, ನೀರಿನ ಬಿಸಿ ಓದಿದೆ. ಒಂದೊಂದಕ್ಕೂ ಆಕೆ ‘ಒಪ್ಪಿದೆ’, ನಾನು ‘ಒಪ್ಪಿದೆ’. ಮೇಲಧಿಕಾರಿ ಫೋನು ನೋಡಿಕೊಂಡಿದ್ದರು. ಆ ಸಾಲು ಬಂತು. “ಪಾದರಸ, ಮೀನು, ಕಚ್ಚಾ ಅಳತೆ,” ಎಂದೆ. ಅಂಕಿಗಳನ್ನು ಓದಿದೆ. “ಅಳೆದವರು,” ಎಂದು ಹೆಸರು ಓದಿದೆ, ತಂದೆಯ ಹೆಸರಿನ ಸಮೇತ, ಪೂರ್ತಿ.

ಫೋನು ಮೇಜಿನ ಮೇಲೆ ಮಗುಚಿ ಬಿತ್ತು.

“ಈ ಫೈಲಿನ ವಿಚಾರ ನಮ್ಮ ಕಚೇರಿಗೆ ಗೊತ್ತೇ ಇಲ್ಲ,” ಎಂದರು ಮೇಲಧಿಕಾರಿ. ಆಕೆಯ ಕಡೆ ತಿರುಗಲೇ ಇಲ್ಲ, ನೋಡೋಣಪ್ಪನವರನ್ನು ನೋಡಿಯೇ ಹೇಳಿದರು. “ಇದನ್ನ ಮುಂದಿನ ಸಭೆಗೆ ಹಾಕೋಣ. ಏನಂತೀರಿ ಸರ್?”

ಮುಗಿಯಿತು ಎಂದುಕೊಂಡೆ. ‘ನೋಡೋಣ’ ಎಂಬ ಮಾತು ನಮ್ಮ ನಿರ್ದೇಶಕರ ತುಟಿಗೆ ಬಂದದ್ದು ಎಲ್ಲರಿಗೂ ಕಂಡಿತು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

“ನಿಯಮದ ಪ್ರಕಾರ ಒಪ್ಪಬೇಕಾದವರು ಇವರಿಬ್ಬರೇ,” ಎಂದರು. “ಅವರೇ ಹೇಳಲಿ.”

“ಅಳೆದವಳು ನಾನೇ,” ಎಂದರು ಆಕೆ. “ಒಪ್ಪಿದೆ.”

ಈಗ ನನ್ನ ಸರದಿ. ನಾನು ಬೇಡ ಎಂದರೆ ಫೈಲು ಅಲ್ಲೇ ನಿಲ್ಲುತ್ತಿತ್ತು. ಇನ್ನು ಮೂರು ತಿಂಗಳು ಸಿಗುತ್ತಿತ್ತು, ಅಷ್ಟರಲ್ಲಿ ಏನಾದರೂ ದಾರಿ ಮಾಡಿ ಆಕೆಯನ್ನು ಉಳಿಸಬಹುದೆಂದು ಆಸೆಯಾಯಿತು. ಮೂರು ತಿಂಗಳೆಂದರೆ ದೋಣಿಕಟ್ಟೆಯಲ್ಲಿ ಅದೇ ಅಂಗಡಿ, ಅದೇ ತಕ್ಕಡಿ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲ ಸಲ ನಿಜವಾಗಿ ಹೆದರಿದವರಂತೆ ಕಂಡರು. ನಾನು ಏನನ್ನುತ್ತೇನೋ ಎಂಬ ಹೆದರಿಕೆ ಅದು.

“ಒಪ್ಪಿದೆ,” ಎಂದೆ.

ಆಮೇಲೆ ಉಳಿದ ಸಾಲುಗಳನ್ನು ಹೇಗೆ ಓದಿದೆನೋ ಗೊತ್ತಿಲ್ಲ.

ಸಂಜೆ ದೋಣಿಕಟ್ಟೆಗೆ ಕಳಿಸಲು ಹೋದೆ. ಮೇಲಧಿಕಾರಿ ಫೋನಿನಲ್ಲಿ ಯಾರಿಗೋ ಬಿರುಸಾಗಿ ಹೇಳುತ್ತ ದೋಣಿಯ ಮುಂದಿನ ಸಾಲಿಗೆ ಹೋಗಿ ಕೂತರು. ನಾನು ಆಕೆಯ ಕೈ ಹಿಡಿದುಕೊಂಡೆ.

“ಹೋಗ್ಬೇಡಿ. ಇಲ್ಲೇ ಇದ್ಬಿಡಿ. ನಮ್ಮನೇಲಿ ಇರಿ. ಮಿಕ್ಕಿದ್ದು ಆಮೇಲೆ ಏನಾದ್ರೂ ಮಾಡೋಣ.”

“ನಾಳೆ ಮಂಗಳವಾರ ಅಲ್ವಾ,” ಎಂದರು. “ನೀರು ತೆಗೆಯೋ ದಿನ. ನಾನು ಹೋಗ್ದಿದ್ರೆ ಯಾರು ತೆಗೀತಾರೆ?”

“ನಾಳೆ ನಿಮ್ಮನ್ನ ಒಳಗೆ ಬಿಡ್ತಾರಾ?”

“ಬಾಗಿಲವರೆಗೆ ಹೋಗಿ ನೋಡ್ತೀನಿ.”

ಹಿಂದಿನ ಸಾಲಿನಲ್ಲಿ ಒಬ್ಬರೇ ಕೂತು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ದೋಣಿ ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಯಾರು ನೋಡಿದರೂ ನೋಡಲಿ ಎಂದು ಅತ್ತುಬಿಟ್ಟೆ.

ನೇರವಾಗಿ ಪಕ್ಕದ ಮನೆಗೆ ಹೋದೆ. ಹುಡುಗಿ ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದಳು, ದೊಡ್ಡದೇ. ಮಗು ಕಾಲ ಬಳಿ ಡಬ್ಬಿ ಬಡಿಯುತ್ತಿತ್ತು. ಇದನ್ನು ಮಗುವಿಗೆ ಕೊಡಬೇಡ, ನೀನೂ ತಿನ್ನಬೇಡ ಎಂದೆ. ಪಾದರಸ ಎಂದೆ, ನಾಲ್ಕು ಪಟ್ಟು ಎಂದೆ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ ಎಂದೂ ಅಂದೆ. ಅವಳು ನಲ್ಲಿ ನಿಲ್ಲಿಸಿ ನನ್ನನ್ನೂ ಮೀನನ್ನೂ ನೋಡಿದಳು.

“ಎಲ್ಲಾ ಚೆನ್ನಾಗಿದೆ ಅಂತ ಪೇಪರಲ್ಲಿ ಬಂದಿತ್ತಲ್ಲ ಅಕ್ಕಾ. ಇದನ್ನ ಯಾರು ಹೇಳಿದ್ದು?”

ಹೆಸರು ಹೇಳಿದೆ.

“ಯಾರು ಅವರು?”

“ಅಳೆದವರು,” ಎಂದು ಇನ್ನೊಮ್ಮೆ ಹೇಳಿದೆ, ಅವಳಿಗೆ ನೆನಪಿರುವ ಹಾಗೆ, ನಿಧಾನವಾಗಿ.